ಮಕ್ಕಳ ಸಾಲಿನ ಪ್ರವಾದಿ

ಪ್ರವಾದಿ ಎಂದರೆ ಎದೆಮಟ್ಟದ ಗಡ್ಡ, ಕೈಯಲ್ಲಿ ಉದ್ದನೆಯ ಕೋಲು, ಬಾಯಿ ತೆರೆದರೆ ಗುಡುಗು ಎಂದುಕೊಂಡವರು ಈ ಪ್ರವಾದಿಯನ್ನು ನೋಡಿದರೆ ನಕ್ಕುಬಿಡುತ್ತಾರೆ. ಇವನಿಗೆ ಗಡ್ಡವಿಲ್ಲ. ಹೆಂಡತಿಯ ಕೈಗನ್ನಡಿ ಹಿಡಿದು ಬಾಗಿಲಲ್ಲಿ ಕೂತು ತಾನೇ ಕೆರೆದುಕೊಳ್ಳುತ್ತಾನೆ, ಒಂದೆರಡು ಕಡೆ ಗಾಯವನ್ನೂ ಮಾಡಿಕೊಳ್ಳುತ್ತಾನೆ. ಕೈಯಲ್ಲಿರುವುದು ಗುದ್ದಲಿ. ಬಾಯಿ ತೆರೆದರೆ ಗುಡುಗಲ್ಲ, ಕೆಮ್ಮು. ಚರ್ಚಿನ ಹಿಂದಿನ ಸಮಾಧಿ ತೋಟದಲ್ಲಿ ಕುಳಿ ತೋಡುವುದು, ಮುಚ್ಚುವುದು, ಹುಲ್ಲು ಕೀಳುವುದು ಅವನ ಕೆಲಸ. ಗೇಟಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಅವನೂ ಹೆಂಡತಿಯೂ ಇದ್ದಾರೆ. ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಅವಳ ಮಿಷನ್ನಿನ ಸದ್ದು ನಿಂತರೆ ಒಳಗೆ ಮಲಗಿದವರಿಗೂ ನಿದ್ದೆ ಹಾರಿಹೋಗುತ್ತದೆ ಎಂದು ಬಡಗಿ ತಮಾಷೆ ಮಾಡುತ್ತಾನೆ. ಶವಪೆಟ್ಟಿಗೆ ಮಾಡುವವನು ಈ ಬಡಗಿಯೇ. ಇವನಿಗೆ ಪ್ರವಾದಿ ಎಂದು ಹೆಸರಿಟ್ಟವನೂ ಅವನೇ.

ಹೆಸರು ಬಂದದ್ದು ಹೀಗೆ. ಸಮಾಧಿ ತೋಟವೋ ಅಂಗೈಯಗಲ. ಸಾಯುವವರು ಜಾಗ ನೋಡಿಕೊಂಡು ಸಾಯುತ್ತಾರೆಯೇ? ಅದಕ್ಕೆ ಅಲ್ಲಿ ಹಿಂದಿನಿಂದ ಒಂದು ಪದ್ಧತಿ ನಡೆದುಬಂದಿದೆ. ಮಲಗಿಸಿ ಕೆಲವು ವರ್ಷ ಕಳೆದ ಮೇಲೆ ಸರದಿ ಬಂದಾಗ ಸಮಾಧಿ ತೆರೆದು, ಮೂಳೆಗಳನ್ನು ಎತ್ತಿ, ಮೂಲೆಯಲ್ಲಿರುವ ಮೂಳೆಕೋಣೆಗೆ ಸೇರಿಸಿ, ಆ ಜಾಗದಲ್ಲಿ ಹೊಸಬರನ್ನು ಮಲಗಿಸುವುದು. ದೊಡ್ಡವರ ಸರದಿ ನಿಧಾನ. ಗೋಡೆಯಿಂದ ಶುರುವಾಗುವ ಮಕ್ಕಳ ಸಾಲಿನಲ್ಲಿ ಮಾತ್ರ ಬೇಗ ಬೇಗ. ಮಕ್ಕಳ ಮೂಳೆಗೆ ಮಣ್ಣು ಹೆಚ್ಚು ದಿನ ತೆಗೆದುಕೊಳ್ಳುವುದಿಲ್ಲ.

ಎತ್ತುವ ದಿನ ಇವನು ಗುದ್ದಲಿಯನ್ನು ಮೇಲ್ಮಣ್ಣಿಗೆ ಮಾತ್ರ ಹಾಕುತ್ತಿದ್ದ. ಆಮೇಲೆ ಮಂಡಿಯೂರಿ ಕೂತು ಬರಿಗೈಯಲ್ಲೇ ಕೆದಕುತ್ತಿದ್ದ. ಸಿಕ್ಕಿದ್ದನ್ನು ಹೆಂಡತಿ ಹೊಲಿದುಕೊಟ್ಟ ಬಿಳಿ ಬಟ್ಟೆಯ ಮೇಲೆ ಇಟ್ಟು, ಬುಟ್ಟಿಗೆ ತುಂಬಿ, ಮೂಳೆಕೋಣೆಯ ನೆಲದಲ್ಲಿರುವ ಹಳ್ಳಕ್ಕೆ ಇಳಿಸುತ್ತಿದ್ದ. ಆ ಹಳ್ಳದಲ್ಲಿ ಇದು ಇಂಥವರದು ಎಂಬುದಿಲ್ಲ. ಎಲ್ಲರೂ ಒಂದೇ ರಾಶಿ. ಅದನ್ನು ನೋಡಿ ಹೆತ್ತವರು ಕುಸಿದು ಕೂತರೆ ಇವನಿಗೆ ಸಮಾಧಾನ ಹೇಳಲು ಗೊತ್ತಿದ್ದದ್ದು ಒಂದೇ ಕಥೆ, ಯೆಹೆಜ್ಕೇಲನೆಂಬ ಪ್ರವಾದಿಯದು. ದೇವರು ಆತನನ್ನು ಒಂದು ಕಣಿವೆಗೆ ಕರೆದೊಯ್ದು ನಿಲ್ಲಿಸಿದನಂತೆ. ಕಣಿವೆ ತುಂಬ ಒಣಮೂಳೆ. ಇವಕ್ಕೆ ಮತ್ತೆ ಜೀವ ಬರುತ್ತದೆಯೇ ಎಂದು ದೇವರೇ ಕೇಳಿದನಂತೆ.

"ಆ ಪ್ರವಾದಿ ಹೌದು ಅನ್ನಲಿಲ್ಲ ತಾಯಿ, ಇಲ್ಲ ಅಂತಾನೂ ಅನ್ನಲಿಲ್ಲ. ಸ್ವಾಮಿ, ಅದು ನಿನಗೇ ಗೊತ್ತು ಅಂದ. ಅಷ್ಟು ದೊಡ್ಡ ಪ್ರವಾದಿಗೇ ಗೊತ್ತಿರಲಿಲ್ಲ ಅಂದ್ಮೇಲೆ ನಮಗೇನು ಗೊತ್ತು? ನಾವೂ ಹಾಗೇ ಅನ್ನೋಣ. ಆಮೇಲೆ ನೋಡಿ, ಒಂದೊಂದು ಮೂಳೆನೂ ತನ್ನ ಜೊತೆ ಮೂಳೆನ ಹುಡುಕಿಕೊಂಡು ಬಂತಂತೆ."

"ಓಹೋ, ಬಂದ್ರಪ್ಪ ನಮ್ಮ ಪ್ರವಾದಿಗಳು!" ಎಂದು ಬಡಗಿ ಒಮ್ಮೆ ಅಂದ. ಅಂದದ್ದು ಅಂಟಿಕೊಂಡಿತು.

ಪಾದ್ರಿ ವರ್ಷಕ್ಕೊಮ್ಮೆ ಅದೇ ಭಾಗದ ಮೇಲೆ ಬೋಧನೆ ಮಾಡುತ್ತಿದ್ದರು. ಆ ಮಾತು ಮೊದಲು ಹೇಳಿದ್ದು ಊರು ಸುಟ್ಟು, ದೇವಾಲಯ ಬಿದ್ದು, ಪರದೇಶದ ಹೊಳೆ ದಂಡೆಯಲ್ಲಿ ಸೆರೆಯಾಳುಗಳಾಗಿ ಕೂತವರಿಗೆ, ನಮ್ಮ ಕಥೆ ಮುಗಿಯಿತು ಎಂದುಕೊಂಡವರಿಗೆ ಎಂದು ಬಿಡಿಸಿ ಹೇಳುತ್ತಿದ್ದರು. ನಾವು ಕ್ರೈಸ್ತರು ಅದನ್ನು ಯೇಸು ಸಮಾಧಿಯಿಂದ ಎದ್ದ ಬೆಳಗಿನಲ್ಲಿ ನಿಂತು ಹಿಂದಿರುಗಿ ಓದುತ್ತೇವೆ, ಅದಕ್ಕೇ ಅದು ನಮ್ಮ ಸಮಾಧಿಗಳ ಮಾತಾಗಿಯೂ ಕೇಳಿಸುತ್ತದೆ ಎನ್ನುತ್ತಿದ್ದರು. ಪ್ರವಾದಿ ಹಿಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸುತ್ತಿದ್ದ. ಅವನಿಗೆ ಹೊಳೆ ದಂಡೆಯೂ ಬೇಕಿರಲಿಲ್ಲ, ಸೆರೆಯಾಳುಗಳೂ ಬೇಕಿರಲಿಲ್ಲ. ಮಕ್ಕಳ ಸಾಲಿನಲ್ಲಿ ಅವನ ಮಗಳಿದ್ದಳು, ಅವಳೊಬ್ಬಳು ಎದ್ದರೆ ಸಾಕಿತ್ತು.

ಫ್ರಾಕಿನ ಬಟನ್ ತಾನೇ ಹಾಕಿಕೊಳ್ಳುತ್ತೇನೆ, ಯಾರೂ ಮುಟ್ಟಬೇಡಿ ಎಂದು ಹಟ ಮಾಡುವ ವಯಸ್ಸಿನಲ್ಲಿ ಅವಳು ಜ್ವರ ಬಂದು ಹೋದಳು. ಒಳಗೆ ತಾಯಿ ಅವಳಿಗೆ ಕಡೆಯ ಬಟ್ಟೆ ತೊಡಿಸುತ್ತಿದ್ದಾಗ ಹೊರಗೆ ತಂದೆ ಕುಳಿ ತೋಡುತ್ತಿದ್ದ. ಬೇರೆಯವರನ್ನು ಕರೆಸುತ್ತೇನೆ ಎಂದು ಪಾದ್ರಿ ಅಂದರೂ ಅವನು ಗುದ್ದಲಿ ಬಿಡಲಿಲ್ಲ. ಅದೇ ಜ್ವರ ಮುಂದಿನ ವಾರ ಬಡಗಿಯ ಮಗನನ್ನೂ ಎತ್ತಿಕೊಂಡಿತು. ಎರಡು ಕುಳಿಗಳೂ ಅಕ್ಕಪಕ್ಕ. ಮುಚ್ಚುವ ಮೊದಲು ಬಡಗಿ ಹುಡುಗನ ಚಡ್ಡಿಯ ಜೇಬಿಗೆ ಅವನ ಗಾಜಿನ ಗೋಲಿಗಳನ್ನು ತುಂಬಿದ್ದನ್ನು ಪ್ರವಾದಿ ಕಣ್ಣಾರೆ ನೋಡಿದ್ದ. ಗೋಲಿಗಾಗಿ ಆ ಹುಡುಗ ಶಾಲೆಗೇ ಚಕ್ಕರ್ ಹೊಡೆಯುತ್ತಿದ್ದವನು.

ಅದಾದ ಮೇಲೆ ಒಂದು ವರ್ಷ ಬಿರುಗಾಳಿ ಬೀಸಿ ಮಕ್ಕಳ ಸಾಲಿನ ತುದಿಯ ಗೋಡೆ ಮಲಗಿತು. ಮರದ ಶಿಲುಬೆಗಳೆಲ್ಲ ಕಿತ್ತುಬಂದು ಕೆಸರಿನಲ್ಲಿ ತೇಲಿದವು. ಸಾಲು ಯಾವುದು ದಾರಿ ಯಾವುದು ಗೊತ್ತಾಗದಷ್ಟು ಎಲ್ಲ ಸಮತಟ್ಟಾಯಿತು. ಗಾರೆಯವರು ಬಂದು ಹೊಸ ಗೋಡೆ ಎಬ್ಬಿಸಿದರು. ತಾಯಂದಿರು ಬಂದು ಗೇಟಿನಲ್ಲಿ ಅಳುತ್ತಾ ನಿಂತರು. "ಯಾರೂ ಹೆದರಬೇಡಿ, ಯಾವ ಮಗು ಎಲ್ಲಿದೆ ಅಂತ ಕಣ್ಣು ಕಟ್ಟಿ ಬಿಟ್ಟರೂ ಹೇಳ್ತೀನಿ" ಎಂದ ಪ್ರವಾದಿ. ಗೋಡೆಯ ಮೂಲೆಗೆ ಬೆನ್ನು ಕೊಟ್ಟು ನಿಂತು, ಹೆಜ್ಜೆಯಲ್ಲಿ ಅಳೆಯುತ್ತಾ, ಒಂದೊಂದೇ ಶಿಲುಬೆ ನೆಟ್ಟುಕೊಂಡು ಬಂದ. ಮೊದಲಿನಿಂದಲೂ ಅವನು ಅಳೆಯುತ್ತಿದ್ದದ್ದು ಹಾಗೆಯೇ. ತಾಯಂದಿರು ಅವನ ಕೈಹಿಡಿದು ಕಣ್ಣಿಗೊತ್ತಿಕೊಂಡರು. ಮಗಳ ಶಿಲುಬೆಯ ಬುಡಕ್ಕೆ ಅವನು ಹೊಳೆಯಿಂದ ಹೊತ್ತು ತಂದ ಬಿಳಿ ಕಲ್ಲುಗಳನ್ನು ಜೋಡಿಸಿದ.

ಅವಳ ಸರದಿ ಬಂತು. ಪ್ರವಾದಿ ಅವಳನ್ನು ದಾಟಿ ಪಕ್ಕದ್ದನ್ನು ತೆರೆದ. ಮತ್ತೊಂದು ಸಾವಾಯಿತು, ಮತ್ತೆ ದಾಟಿದ. ಎಲ್ಲರ ಮಕ್ಕಳೂ ಮೂಳೆಕೋಣೆಗೆ ಹೋದರು, ಅವನ ಮಗಳು ಮಾತ್ರ ಬಿಳಿ ಕಲ್ಲುಗಳ ನಡುವೆ ಉಳಿದಳು. ಪಾದ್ರಿ ನೋಡಿಯೂ ನೋಡದವರ ಹಾಗೆ ಇದ್ದರು. ಹೇಳುವುದಾದರೂ ಹೇಗೆ? ಅವನು ದಿನಾ ಬೆಳಿಗ್ಗೆ ಅಲ್ಲಿ ಕೂತು ಆ ಕಲ್ಲುಗಳನ್ನು ಬಟ್ಟೆಯಲ್ಲಿ ಒರೆಸುವುದನ್ನು ನೋಡಿದವರಿಗೆ ಬಾಯಿ ಬರುತ್ತಿರಲಿಲ್ಲ. ಬಡಗಿಯೂ ಏನೂ ಅನ್ನಲಿಲ್ಲ. ಅವನ ಮಗನ ಶಿಲುಬೆಯಿದ್ದ ಜಾಗ ತೆರೆದ ದಿನ ಅವನು ಟೋಪಿ ತೆಗೆದು ನಿಂತು ಒಂದೇ ಮಾತು ಕೇಳಿದ್ದ.

"ಗೋಲಿ ಎಲ್ಲಿ?"

"ಮಣ್ಣು ತಿಂದಿರುತ್ತೆ ಬಿಡೋ" ಎಂದಿದ್ದ ಪ್ರವಾದಿ.

ಗಾಜನ್ನು ಮಣ್ಣು ತಿನ್ನುತ್ತದೆಯೇ? ಇಬ್ಬರಿಗೂ ಗೊತ್ತಿತ್ತು, ತಿನ್ನುವುದಿಲ್ಲ. ಆದರೆ ಅಂಥ ಹೊತ್ತಿನಲ್ಲಿ ಯಾರು ವಾದಕ್ಕೆ ಇಳಿಯುತ್ತಾರೆ? ಬಡಗಿ ಟೋಪಿ ಹಾಕಿಕೊಂಡು ಹೋದ.

ಇನ್ನು ಹೆಂಡತಿ. ಮೊದಮೊದಲು ಅವಳು ಅತ್ತ ಅಳು ಇಡೀ ಬೀದಿಗೆ ಕೇಳುತ್ತಿತ್ತು. ಆಮೇಲೊಂದು ದಿನ ನಲ್ಲಿ ತಿರುಗಿಸಿದ ಹಾಗೆ ನಿಂತುಹೋಯಿತು. ಮಗಳ ಸಮಾಧಿಗೆ ಹೋಗುವುದನ್ನೂ ಬಿಟ್ಟಳು. ಗಂಡ ಕರೆದರೆ ಹೊಲಿಗೆ ತುಂಬಾ ಇದೆ ಎನ್ನುವಳು. "ಹೆತ್ತ ಕರುಳು ಅಂತಾರೆ, ಇವಳದ್ದೇನು ಕಲ್ಲೋ!" ಎಂದು ಬೀದಿಯವರು ಆಡಿಕೊಂಡರು. ಅವಳ ಕಿವಿಗೂ ಬಿತ್ತು. ಅವಳು ಸೂಜಿಗೆ ದಾರ ಪೋಣಿಸುತ್ತಾ ಕೂತಳು.

ಭಾನುವಾರ ಮಧ್ಯಾಹ್ನ ಅವಳು ಬೈಬಲ್ ಓದುತ್ತಿದ್ದಳು, ಇವನು ಗುದ್ದಲಿಯ ಕಾವಿಗೆ ಎಣ್ಣೆ ಹಚ್ಚುತ್ತಾ ಕೇಳುತ್ತಿದ್ದ. "ಮೂಳೆಯದ್ದು ಓದೇ" ಎನ್ನುವನು. ಅವಳು ಓದುವಳು. ಒಮ್ಮೆ ಅದೇ ಪ್ರವಾದಿಯ ಇನ್ನೊಂದು ಕಥೆಗೆ ಬಂದಳು. ಅವನ ಕಣ್ಣಿನ ಬೆಳಕಿನಂತಿದ್ದ ಹೆಂಡತಿಯನ್ನು ದೇವರು ಒಂದೇ ಏಟಿಗೆ ಕರೆದುಕೊಳ್ಳುತ್ತಾನೆ. ಆದರೆ ನೀನು ಅಳಕೂಡದು, ಗೋಳಾಡಕೂಡದು, ಎಂದಿನಂತೆ ರುಮಾಲು ಸುತ್ತಿ, ಚಪ್ಪಲಿ ಮೆಟ್ಟಿ ಓಡಾಡಬೇಕು ಎಂದು ಅಪ್ಪಣೆಯಾಗುತ್ತದೆ. ಸಂಜೆ ಅವಳು ತೀರಿಕೊಂಡಳು, ಬೆಳಿಗ್ಗೆ ಆತ ಹೇಳಿದಂತೆಯೇ ಮಾಡಿದ.

ಪ್ರವಾದಿಗೆ ಸಿಟ್ಟು ನೆತ್ತಿಗೇರಿತು. "ಇದೇನು ದೇವರಪ್ಪಾ ಇದು! ಹೆಂಡ್ತಿ ಸತ್ರೆ ಅಳಬಾರದಾ?"

"ಜನ ಎಲ್ಲಾ ಆತನ್ನೇ ನೋಡ್ತಿದ್ರು" ಎಂದಳು ಅವಳು. "ಆತ ಅತ್ತಿದ್ರೆ ಅವರೆಲ್ಲ ಮುರಿದು ಬೀಳ್ತಿದ್ರೇನೋ."

"ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನನಗನ್ನಿಸ್ತು" ಎಂದು ಪುಸ್ತಕ ಮುಚ್ಚಿದಳು. ಪ್ರವಾದಿ ಅದನ್ನು ಅಲ್ಲಿಗೇ ಮರೆತ.

ಈ ವರ್ಷ ಬಟ್ಟೆ ಇಸ್ತ್ರಿ ಮಾಡುವವಳ ಮಗು ತೀರಿಕೊಂಡಿತು. ಅವಳಿಗಿದು ಎರಡನೆಯ ಸಾವು. ಮೊದಲ ಮಗುವನ್ನು ಮಲಗಿಸಿದ್ದ ಜಾಗವನ್ನು ಪ್ರವಾದಿ ಸರದಿಗಿಂತ ಮುಂಚೆಯೇ ತೆರೆದಿದ್ದ. ಯಾಕೆಂದರೆ ನಿಜವಾಗಿ ಸರದಿಯಿದ್ದದ್ದು ಬಿಳಿ ಕಲ್ಲಿನದಾಗಿತ್ತು. ಈಗ ಸಾಲಿನಲ್ಲಿ ಎಲ್ಲವೂ ಹೊಸವೇ, ತೆರೆಯುವ ಹಾಗಿಲ್ಲ. ಹಳೆಯದು ಎಂದರೆ ಅದೊಂದೇ. ಅವಳು ಬೆಳಿಗ್ಗೆಯೇ ಬಂದು ಗೇಟಿನ ಮನೆಯ ಮೆಟ್ಟಿಲ ಮೇಲೆ ಕೂತಳು. ಕೈಯಲ್ಲಿ ಇಸ್ತ್ರಿ ಪೆಟ್ಟಿಗೆಯ ಸುಟ್ಟ ಕಲೆಗಳು, ಕಣ್ಣು ಬತ್ತಿಹೋಗಿತ್ತು.

"ಅಣ್ಣಾ, ನನ್ನ ಮೊದಲನೇದನ್ನ ಬೇಗ ತೆಗೆದ್ರಿ. ನಾನು ಒಂದು ಮಾತಾದ್ರೂ ಅಂದ್ನಾ? ನಿಮ್ಮ ಹೊಟ್ಟೆ ಸಂಕಟ ನನಗೆ ಗೊತ್ತಾಗ್ದೇ ಇರುತ್ತಾ? ಈಗ ಇವನಿಗೊಂದು ಜಾಗ ಕೊಡಿ ಅಣ್ಣಾ. ಇವನನ್ನ ಎಲ್ಲಿಗೆ ಎತ್ಕೊಂಡು ಹೋಗ್ಲಿ?"

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬೈಯಲಿಲ್ಲವಲ್ಲ, ಅದಕ್ಕೇ ಅವನಿಗೆ ತಲೆ ಎತ್ತಲಾಗಲಿಲ್ಲ. ಸಂಜೆ ಹೊತ್ತಿಗೆ ಸಿದ್ಧ ಮಾಡುತ್ತೇನೆ ಎಂದು ಗೋಡೆಗೆ ಹೇಳುವವನಂತೆ ಹೇಳಿದ. ಒಳಗೆ ಮಿಷನ್ ನಿಂತಿತು.

"ಬೇರೆ ಯಾರಿಗಾದ್ರೂ ಹೇಳಿ. ನೀವು ತೆಗೀಬೇಡಿ" ಎಂದು ಹೆಂಡತಿ ಹೊರಗೆ ಬಂದಳು.

"ನಾನು ಮಲಗಿಸಿದ್ದು, ನಾನೇ ಎತ್ತೋದು. ಬೇರೆಯವರು ಅವಳನ್ನ ಮುಟ್ಟೋದಾ?"

"ರೀ, ನನ್ನ ಮಾತು ಕೇಳಿ..."

ಅವನು ಕೇಳಲಿಲ್ಲ. ಬಿಳಿ ಬಟ್ಟೆ ಹೆಗಲಿಗೆ ಹಾಕಿಕೊಂಡು ಹೊರಟ.

ಬಡಗಿ ಹೊಸ ಪುಟ್ಟ ಪೆಟ್ಟಿಗೆಯನ್ನು ತಂದು ದಾರಿಯ ಪಕ್ಕ ಇಳಿಸಿ ಇವನ ಜೊತೆ ನಿಂತ. ಪ್ರವಾದಿ ಕಲ್ಲುಗಳನ್ನು ಒಂದೊಂದಾಗಿ ಎತ್ತಿಟ್ಟ. ಶಿಲುಬೆ ಕಿತ್ತು ಗೋಡೆಗೆ ಒರಗಿಸಿದ. ಮೇಲ್ಮಣ್ಣು ತೆಗೆದ. ಮಂಡಿಯೂರಿದ. ಅಪ್ಪ ಬಂದೆ ಕಣಮ್ಮಾ, ಹೆದರಬೇಡ ಎಂದು ಬಾಯೊಳಗೇ ಅಂದುಕೊಳ್ಳುತ್ತಾ ಬೆರಳಾಡಿಸಿದ. ಕೊಳೆತ ಹಲಗೆಯ ಪುಡಿ ಬಂತು. ಅದರ ಕೆಳಗೆ ಕೈಗೆ ನುಣುಪಾಗಿ, ತಣ್ಣಗೆ ಏನೋ ತಗುಲಿತು. ಹೊರಗೆ ತೆಗೆದು ಅಂಗಿಗೆ ಒರೆಸಿದ. ನೀಲಿ ಎಳೆಯಿದ್ದ ಗಾಜಿನ ಗೋಲಿ. ಅದರ ಹಿಂದೆಯೇ ಇನ್ನೊಂದು, ಮತ್ತೊಂದು.

ಮೊದಲು ಅವನಿಗೆ ಏನೂ ಹೊಳೆಯಲಿಲ್ಲ. ಅಂಗೈಯಲ್ಲಿ ಹಿಡಿದು ನೋಡುತ್ತಲೇ ಇದ್ದ. ಬಡಗಿಗೆ ಹೊಳೆಯಿತು. ಕುಳಿಯ ಅಂಚಿನಲ್ಲಿ ದೊಪ್ಪನೆ ಕೂತು, "ಇವು ನನ್ನ ಮಗನವು ಕಣೋ" ಎಂದ. "ನನ್ನ ಮಗ ಇಲ್ಲಿದಾನೆ ಕಣೋ!"

ಪ್ರವಾದಿ ತಲೆಯೆತ್ತಿ ಗೋಡೆಯನ್ನು ನೋಡಿದ. ಎಷ್ಟು ವರ್ಷದಿಂದ ನೋಡಿದ ಗೋಡೆ! ಹಳೆಯ ಗೋಡೆ ಬಿದ್ದ ಜಾಗದಲ್ಲಿ ಹೊಸದು ಎದ್ದಿರಲೇ ಇಲ್ಲ. ಬಿದ್ದ ಕಲ್ಲಿನ ರಾಶಿಯನ್ನು ಹೊರಗೇ ಬಿಟ್ಟು, ಗಾರೆಯವರು ಒಳಗೆ ಸರಿದು ಹೊಸ ಪಾಯ ತೋಡಿದ್ದರು. ಸರಿದದ್ದು ಒಂದು ಮಗು ಮಲಗುವಷ್ಟು ಅಗಲ, ಅಷ್ಟೇ. ಇವನು ಆ ಗೋಡೆಗೆ ಬೆನ್ನು ಕೊಟ್ಟು ಹೆಜ್ಜೆ ಹಾಕಿದ್ದ. ಪ್ರತಿ ಶಿಲುಬೆಯೂ ಪಕ್ಕದ ಮಗುವಿನ ಮೇಲೆ ಕೂತಿತ್ತು.

ಹಾಗಾದರೆ ಮಗಳು ಮಲಗಿದ್ದದ್ದು ಗೋಡೆಯ ಕಡೆಗಿನ ಪಕ್ಕದ ಜಾಗದಲ್ಲಿ, ಇನ್ನಾರದೋ ಮಗುವಿನ ಶಿಲುಬೆಯ ಕೆಳಗೆ. ಅದನ್ನು ಅವನು ತೆರೆದು ಎಷ್ಟೋ ಕಾಲವಾಗಿತ್ತು. ಮಗಳನ್ನು ಉಳಿಸಿಕೊಳ್ಳಬೇಕೆಂದು ಮೊಟ್ಟಮೊದಲು ತೆರೆದದ್ದು ಅದನ್ನೇ. ಯಾರದೋ ಮಗು ಎಂದು ಎತ್ತಿ, ಯಾರದೋ ಮಗು ಎಂದು ಬುಟ್ಟಿಗೆ ತುಂಬಿ, ಹಳ್ಳಕ್ಕೆ ಇಳಿಸಿದ್ದ. ಇಳಿಸಿ ಬಂದು ಕೈ ತೊಳೆದು ಊಟ ಮಾಡಿದ್ದ. ಆ ದಿನ ಊಟ ಮಾಡಿದ್ದೂ ಅವನಿಗೆ ನೆನಪಿತ್ತು.

ಬಡಗಿಯನ್ನು ಅಲ್ಲೇ ಬಿಟ್ಟು ಅವನು ಮನೆಗೆ ನಡೆದ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವನ ಅಂಗೈಯಲ್ಲಿದ್ದ ಗೋಲಿಗಳನ್ನು ನೋಡಿದಳು, ಒಳಗೆ ಹೋದಳು, ಟ್ರಂಕಿನ ತಳದಿಂದ ತನ್ನ ಮದುವೆಯ ರವಿಕೆ ತೆಗೆದು ಮಿಷನ್ನಿನ ಮೇಲೆ ಬಿಡಿಸಿದಳು. ಚಿಪ್ಪಿನಿಂದ ಮಾಡಿದ ಬಟನ್‌ಗಳು, ಒಂದೊಂದರ ಮೇಲೂ ಪುಟ್ಟ ನಕ್ಷತ್ರ ಕೆತ್ತಿದೆ. ಕೆಳಗಿನ ಮೂರು ಇರಲಿಲ್ಲ. ಸೆರಗಿನ ಗಂಟು ಬಿಚ್ಚಿ ಆ ಮೂರನ್ನೂ ಪಕ್ಕದಲ್ಲಿಟ್ಟಳು. ಬಣ್ಣ ಮಾಸಿ, ಒಂದರ ಅಂಚು ಮುರಿದಿತ್ತು.

"ಅವಳಿಗೆ ಹಾಕಿದ ಕಡೇ ಫ್ರಾಕಿಗೆ ಹೊಲಿದಿದ್ದೆ. ನೀವು ನೋಡಿರಲಿಲ್ಲ, ಹೊರಗೆ ತೋಡ್ತಿದ್ರಿ" ಎಂದಳು.

"ಇವು ಎಲ್ಲಿ ಸಿಕ್ಕಿದ್ವು?"

"ನಿಮ್ಮ ಡಬ್ಬಿಲಿ."

ಮೂಳೆ ಎತ್ತುವಾಗ ಸಿಗುವ ಬಟನ್, ಬಕಲ್, ಕೊಂಡಿಗಳನ್ನು ಅವನು ಎಸೆಯುತ್ತಿರಲಿಲ್ಲ. ಯಾರಾದರೂ ಕೇಳಿಯಾರು ಎಂದು ತೊಳೆದು ಒಂದು ಡಬ್ಬಿಗೆ ಹಾಕಿ ಮೂಳೆಕೋಣೆಯ ಕಿಟಕಿಯಲ್ಲಿ ಇಡುತ್ತಿದ್ದ. ಒಂದು ದಿನ ಅವಳು ಅವನನ್ನು ಊಟಕ್ಕೆ ಕರೆಯಲು ಹೋಗಿ, ಅವನು ಕೈ ತೊಳೆಯುವಷ್ಟರಲ್ಲಿ ಡಬ್ಬಿಯಲ್ಲಿ ಬೆರಳಾಡಿಸಿದ್ದಳು. ಅಷ್ಟೇ.

"ಅವತ್ತಿಂದ ಗೊತ್ತಾ ನಿನಗೆ?"

"ಅವತ್ತಿಂದ."

"ಮತ್ತೆ ಯಾಕೆ ಹೇಳಲಿಲ್ಲ? ಯಾಕೇ ಹೇಳಲಿಲ್ಲ?" ಅವನ ಕೂಗಿಗೆ ಮೆಟ್ಟಿಲ ಮೇಲಿದ್ದ ಇಸ್ತ್ರಿಯವಳು ಎದ್ದು ನಿಂತಳು.

"ಹೇಗೆ ಹೇಳ್ಲಿ? ಬೆಳಿಗ್ಗೆ ಎದ್ದು ಆ ಕಲ್ಲು ಒರೆಸಿ ಬಂದ ಮೇಲೇ ನೀವು ಬಾಯಿಗೆ ನೀರು ಹಾಕ್ತಿದ್ರಿ. ನಿಮ್ಮ ಕೈಯಿಂದಲೇ ಅವಳನ್ನ ಆ ಹಳ್ಳಕ್ಕೆ ಹಾಕಿದ್ರಿ ಅಂತ ನಾನು ಹೇಳಿದ್ರೆ ನೀವು ಉಳೀತಿದ್ರಾ? ಮಗಳೂ ಹೋಗಿ ನೀವೂ ಹೋಗಿ... ನಾನು ಅತ್ರೆ ಹೇಳ್ತಿದ್ರಿ, ಅವಳ ಹತ್ರ ಬಂದು ಅಳು ಅಂತ. ಅಲ್ಲಿ ಕೂತು ಯಾರದೋ ಮಗುನ ನನ್ನ ಮಗಳು ಅಂತ ಹೇಗೆ ಅಳ್ಲಿ? ಅದಕ್ಕೇ ಅಳೋದನ್ನೇ ಬಿಟ್ಟೆ."

ಪ್ರವಾದಿ ಅವಳನ್ನು ನೋಡಿದ. ಕಲ್ಲು, ಕಲ್ಲು ಎಂದು ಬೀದಿ ಆಡಿಕೊಂಡಾಗ ತಾನೂ ಒಂದೆರಡು ಸಲ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡದ್ದು ನೆನಪಾಗಿ ಅವನಿಗೆ ನಾಚಿಕೆಯಾಯಿತು. ಅವನ ಕಣ್ಣಿಗೆ ಕಟ್ಟಿದ್ದು ಕಣಿವೆಯ ಪ್ರವಾದಿಯಲ್ಲ. ರುಮಾಲು ಸುತ್ತಿ, ಚಪ್ಪಲಿ ಮೆಟ್ಟಿ, ಹೆಂಡತಿ ಸತ್ತ ಮರುಬೆಳಿಗ್ಗೆ ಬೀದಿಗಿಳಿದ ಪ್ರವಾದಿ. ಆತನೂ ಈತನೂ ಒಬ್ಬನೇ ಎಂಬುದು ಇಷ್ಟು ವರ್ಷ ಕೇಳಿಯೂ ಅವನ ತಲೆಗೆ ಹೋಗಿರಲಿಲ್ಲ. ಮೂಳೆಗಳ ಮುಂದೆ ನಿಂತು ನಿನಗೇ ಗೊತ್ತು ಎಂದವನು ಅಳುವನ್ನು ನುಂಗಿಕೊಂಡವನೇ ಆಗಿದ್ದ. ಅದೇ ಮಾತನ್ನು ತಾನು ಎಷ್ಟು ಜನಕ್ಕೆ ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದ!

ಸಂಜೆ ಇಸ್ತ್ರಿಯವಳ ಮಗುವನ್ನು ಮಲಗಿಸಿದರು. ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ ಪ್ರವಾದಿ ಅವರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಗೋಡೆಯನ್ನೂ ಹೇಳಿದ, ಸರದಿ ದಾಟಿದ್ದನ್ನೂ ಹೇಳಿದ. ಪಾದ್ರಿ ಹೋಗಿ ಗೋಡೆಯ ಬುಡವನ್ನು ನೋಡಿ ಬಂದರು.

"ಆ ತಾಯಂದಿರಿಗೆ ಏನು ಹೇಳ್ತೀಯಪ್ಪಾ?"

"ಇದ್ದದ್ದು ಹೇಳ್ತೀನಿ ಅಯ್ಯನೋರೆ. ಒಂದೊಂದು ಮನೆಗೂ ಹೋಗ್ತೀನಿ. ಹೊಡೆದ್ರೆ ಹೊಡೀಲಿ."

"ನಾನೂ ಬರ್ತೀನಿ" ಎಂದರು ಪಾದ್ರಿ. "ನಾನೂ ನೋಡಿ ಸುಮ್ಮನಿದ್ದೆ."

ಎಲ್ಲರೂ ಹೋದ ಮೇಲೆ ಪ್ರವಾದಿ, ಹೆಂಡತಿ, ಬಡಗಿ ಮೂವರೂ ಮೂಳೆಕೋಣೆಗೆ ಬಂದರು. ಬಡಗಿ ಬಿಳಿ ಬಟ್ಟೆಯ ಗಂಟನ್ನು ಮಗುವನ್ನು ಹಿಡಿದಂತೆ ಎದೆಗವಚಿಕೊಂಡಿದ್ದ. ಪ್ರವಾದಿ ಹಳ್ಳದ ಮುಚ್ಚಳ ಸರಿಸಿದ. ಕೆಳಗೆ ರಾಶಿ, ಸಣ್ಣವು ದೊಡ್ಡವು ಎಲ್ಲ ಬೆರೆತು, ಒಣಗಿ ಬೆಳ್ಳಗಾಗಿ. ಇದರಲ್ಲಿ ಅವಳು ಯಾವುದು? ಅವನು ಬಗ್ಗಿ ಬಗ್ಗಿ ನೋಡಿದ. ಹುಡುಕಿ ತೆಗೆಯುವವನ ಹಾಗೆ ಕೈಯನ್ನೂ ಚಾಚಿದ.

"ಬೇಡ ಬಿಡೋ" ಎಂದು ಬಡಗಿ ಅವನ ತೋಳು ಹಿಡಿದ. "ಆರಿಸೋ ಕೆಲಸ ನಿನ್ನದಲ್ಲ. ನೀನೇ ಹೇಳ್ತಿದ್ಯಲ್ಲ, ಅವೇ ಹುಡುಕಿಕೊಂಡು ಬರ್ತಾವೆ ಅಂತ." ಗಂಟು ಬಿಚ್ಚಿ ಮಗನನ್ನು ನಿಧಾನವಾಗಿ ಇಳಿಸಿದ, ಗೋಲಿಗಳನ್ನೂ ಹಾಕಿದ. "ಅವಳ ಜೊತೆ ಆಡಿಕೊಂಡಿರ್ಲಿ. ಇಷ್ಟು ವರ್ಷ ಅವಳ ಪಾಲಿನ ಮುದ್ದನ್ನೆಲ್ಲ ಇವನೇ ತಿಂದಿದಾನೆ, ಕಳ್ಳ" ಎಂದು ನಗಲು ಹೋಗಿ ಟೋಪಿಯಿಂದ ಮುಖ ಒರೆಸಿಕೊಂಡ.

ಪ್ರವಾದಿ ತನ್ನ ಮಾತನ್ನು ಹೇಳಲು ಬಾಯಿ ತೆರೆದ. ಎಲ್ಲ ಹೆತ್ತವರಿಗೂ ಹೇಳಿದ ಮಾತು ಅದೇ, ಸ್ವಾಮಿ, ನಿನಗೇ ಗೊತ್ತು. ಮೊದಲ ಅಕ್ಷರವೂ ಹೊರಡಲಿಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು.

ಹೆಂಡತಿ ಮುಂದೆ ಬಂದು ಮಂಡಿಯೂರಿದಳು. ಮೂರು ಬಟನ್‌ಗಳನ್ನು ಒಂದೊಂದಾಗಿ ಒಳಗೆ ಬಿಟ್ಟಳು. "ನೀನೇ ಹಾಕ್ಕೋ ಕಣೇ, ನಾನು ಮುಟ್ಟಲ್ಲ" ಎಂದಳು ಹಳ್ಳದೊಳಗೆ. ಆಮೇಲೆ ಗಂಡನ ಕಡೆ ತಿರುಗಿದಳು.

"ರೀ, ಇನ್ನು ನಾನು ಅಳಬಹುದಾ?"

ಅವನು ಅವಳ ಪಕ್ಕದಲ್ಲಿ ಕೂತು, ಮಣ್ಣಾಗಿದ್ದ ಎರಡೂ ಕೈಗಳಲ್ಲಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡ. ಅವಳ ಅಳು ಗೋಡೆಯಾಚೆಯ ಬೀದಿಗೆಲ್ಲ ಕೇಳಿಸಿತು.